ಸಂಕ್ರಾಂತಿ ಕಾರ್ಡಿಗೆ ಮನೆಯಲ್ಲೇ ರಬ್ಬರ್ ಅಚ್ಚು: ಕೆತ್ತುವುದು, ಒತ್ತುವುದು, ಬಣ್ಣ ಬದಲಿಸುವುದು

ಡಿಸೆಂಬರ್ ಕೊನೆಯ ವಾರದಲ್ಲಿ ಶುರು ಮಾಡಿದರೆ ಸಂಕ್ರಾಂತಿ ಹೊತ್ತಿಗೆ ಮೂವತ್ತು ನಲವತ್ತು ಕಾರ್ಡು ಆರಾಮಾಗಿ ಆಗುತ್ತವೆ. ಎಳ್ಳು ಬೀರಲು ಬೇಕಾಗುವ ಕವರುಗಳನ್ನೂ ಅದೇ ಅಚ್ಚಿನಿಂದ ಮಾಡಿಕೊಳ್ಳಬಹುದು. ಬೇಕಾಗುವುದು ಶಾಲೆ ಮಕ್ಕಳು ಬಳಸುವ ಎರಡು ಮೂರು ಬಿಳಿ ರಬ್ಬರ್, ಒಂದು ಕಟ್ಟರ್, ಒಂದೆರಡು ಇಂಕ್ ಪ್ಯಾಡ್, ಒಂದಿಷ್ಟು ದಪ್ಪ ಹಾಳೆ. ಚಿತ್ರ ಬಿಡಿಸಲು ಬರಬೇಕು ಅಂತೇನೂ ಇಲ್ಲ.

ಈ ಕೆಲಸಕ್ಕೆ ಹೊಸದಾಗಿ ಕೈ ಹಾಕುವವರು ಮೊದಲು ಆನ್‌ಲೈನಿನಲ್ಲಿ ದೊಡ್ಡ ಸೆಟ್ ತರಿಸಿಕೊಳ್ಳುತ್ತಾರೆ. ಗುಲಾಬಿ ಗೊಂಚಲು, ಚಿಟ್ಟೆ, ಹಕ್ಕಿಗೂಡು, ಎಲ್ಲ ಇರುತ್ತದೆ. ನೋಡೋಕೆ ಚೆಂದ. ಆದರೆ ಅಂಗೈ ಅಗಲದ ಗೊಂಚಲನ್ನು ಒಮ್ಮೆ ಒತ್ತಿದರೆ ಕಾರ್ಡು ಮುಗೀತು. ಎರಡನೇ ಕಾರ್ಡೂ ಹಾಗೇ ಇರುತ್ತದೆ, ಹತ್ತನೆಯದೂ ಹಾಗೇ. ನನ್ನ ಪ್ರಕಾರ ಚಿಕ್ಕ ಅಚ್ಚೇ ಒಳ್ಳೆಯದು. ಕಬ್ಬಿನ ಒಂದು ತುಂಡು, ಒಂದು ಉದ್ದ ಎಲೆ, ಒಂದು ಎಳ್ಳಿನ ಕಾಳು. ಈ ಮೂರೇ ಅಚ್ಚು ಇಟ್ಟುಕೊಂಡು ಒಂದಕ್ಕೊಂದು ಹೋಲದ ಕಾರ್ಡು ಮಾಡಬಹುದು. ಈ ಲೇಖನದಲ್ಲಿ ಹೇಳುವ ಎಲ್ಲ ಪ್ರಯೋಗಗಳನ್ನೂ ಈ ಮೂರು ಅಚ್ಚಿನ ಮೇಲೇ ಮಾಡೋಣ.

ಹಾಳೆ

ಕಾರ್ಡಿನ ಹಾಳೆ 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ಇರಲಿ. ಅದಕ್ಕಿಂತ ತೆಳುವಾದರೆ ಕಾರ್ಡು ನೆಟ್ಟಗೆ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಐವರಿ ಶೀಟ್ ಅಂತ ಕೇಳಿದರೆ ಕೊಡುತ್ತಾರೆ. ಬೆಂಗಳೂರಿನಲ್ಲಿದ್ದರೆ ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿಗಳಿಗೆ ಒಮ್ಮೆ ಹೋಗಿ ಬನ್ನಿ, ಬಗೆಬಗೆಯ ಹಾಳೆಯನ್ನು ಕೈಯಲ್ಲಿ ಮುಟ್ಟಿ ನೋಡಿ ತರಬಹುದು. ಹೊಳಪಿನ ಹಾಳೆ ಬೇಡ, ಅದರ ಮೇಲೆ ಇಂಕು ಬೇಗ ಒಣಗದೆ ಒರಸಿ ಹೋಗುತ್ತದೆ. ಕೈ ಕಾಗದ ನೋಡಲು ತುಂಬಾ ಚೆಂದ, ಆದರೆ ಅದರ ಮೈ ತರಿತರಿ. ಸಣ್ಣ ಗೆರೆಯ ಅಚ್ಚು ಅದರ ಮೇಲೆ ಕಡಿದು ಕಡಿದು ಮೂಡುತ್ತದೆ. ಕಬ್ಬಿನ ತುಂಡಿನಂಥ ಗಟ್ಟಿ ಆಕಾರಕ್ಕೆ ಮಾತ್ರ ಅದನ್ನು ಇಟ್ಟುಕೊಳ್ಳಿ.

ಅಳತೆ ಸುಲಭ. ಎ4 ಹಾಳೆಯನ್ನು ಅಡ್ಡಕ್ಕೆ ಎರಡು ಭಾಗ ಮಾಡಿದರೆ 148 x 210 ಮಿಲಿಮೀಟರಿನ ಎರಡು ತುಂಡು ಸಿಗುತ್ತವೆ. ಪ್ರತಿ ತುಂಡನ್ನು ನಡುವೆ ಮಡಿಸಿದರೆ 105 x 148 ಮಿಲಿಮೀಟರಿನ ಕಾರ್ಡು. ಇದಕ್ಕೆ ಸರಿಹೊಂದುವ ಸಿ6 ಲಕೋಟೆ, ಅಂದರೆ 114 x 162 ಮಿಲಿಮೀಟರಿನದು, ಅಂಗಡಿಯಲ್ಲೇ ಸಿಗುತ್ತದೆ.

ಮಡಿಸುವ ಮುಂಚೆ ಒಂದು ಕೆಲಸ ಇದೆ. ಹಾಳೆಯನ್ನು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಮೆಲ್ಲಗೆ ಬಾಗಿಸಿ ನೋಡಿ. ಒಂದು ಕಡೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆ ಬಿಗಿಯಾಗಿರುತ್ತದೆ. ಹಾಳೆಯ ನಾರು ಒಂದೇ ದಿಕ್ಕಿನಲ್ಲಿ ಮಲಗಿರುವುದೇ ಇದಕ್ಕೆ ಕಾರಣ. ಸಲೀಸಾಗಿ ಬಾಗುವ ದಿಕ್ಕಿನಲ್ಲೇ ಮಡಿಕೆ ಬರುವಂತೆ ಕತ್ತರಿಸಿಕೊಂಡರೆ ಅಂಚು ಒಡೆಯುವುದಿಲ್ಲ. ಇಂಕು ಮುಗಿದ ಬಾಲ್‌ಪೆನ್ನನ್ನು ಸ್ಕೇಲಿಗೆ ಒತ್ತಿ ಒಂದು ಗೆರೆ ಎಳೆದು, ಆ ಗೆರೆಯ ಮೇಲೆ ಮಡಿಸಿ.

ಇಂಕು: ಇಲ್ಲಿ ಸ್ವಲ್ಪ ನಿಂತು ಯೋಚಿಸಿ

ಅಚ್ಚು ಎಷ್ಟೇ ಚೆನ್ನಾಗಿದ್ದರೂ ಇಂಕು ಸರಿಯಿಲ್ಲದಿದ್ದರೆ ಕಾರ್ಡು ಕೆಡುತ್ತದೆ. ಇಂಕಿನಲ್ಲಿ ಮುಖ್ಯವಾಗಿ ಎರಡು ಜಾತಿ. ಡೈ ಇಂಕಿನಲ್ಲಿ ಬಣ್ಣ ದ್ರವದಲ್ಲಿ ಪೂರ್ತಿ ಕರಗಿರುತ್ತದೆ. ಅದು ಹಾಳೆಯೊಳಗೆ ಇಳಿದು ಬೇಗ ಒಣಗುತ್ತದೆ. ಆದರೆ ಬಿಸಿಲು ಬೀಳುವ ಗೋಡೆಯ ಮೇಲೆ ಕಾರ್ಡು ಸಿಕ್ಕಿಸಿಟ್ಟರೆ ನಿಧಾನವಾಗಿ ಮಾಸುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣದ ಸಣ್ಣ ಕಣಗಳು ದ್ರವದಲ್ಲಿ ತೇಲುತ್ತಿರುತ್ತವೆ. ಅವು ಹಾಳೆಯ ಮೇಲೇ ಕೂರುತ್ತವೆ. ಬಣ್ಣ ದಟ್ಟ, ಬಾಳಿಕೆ ಜಾಸ್ತಿ, ಒಣಗೋದು ಮಾತ್ರ ನಿಧಾನ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಂತೂ ರಾತ್ರಿಯಿಡೀ ಬಿಡಬೇಕಾಗಬಹುದು. ಸಾಮಾನ್ಯವಾಗಿ ಡೈ ಇಂಕಿನ ಪ್ಯಾಡು ಬಿಗಿಯಾದ ಫೆಲ್ಟ್ ಬಟ್ಟೆಯದು, ಪಿಗ್ಮೆಂಟಿನದು ಮೆತ್ತನೆಯ ಫೋಮಿನದು. ಬೆರಳಲ್ಲಿ ಒತ್ತಿದರೆ ಗೊತ್ತಾಗುತ್ತದೆ.

ಮೂರನೆಯದು ಸಾಲ್ವೆಂಟ್ ಇಂಕು. ಗಾಜು, ಪ್ಲಾಸ್ಟಿಕ್, ಫಾಯಿಲ್ ಮೇಲೆ ಒತ್ತಲು ಅದು ಬೇಕು. ಕಾರ್ಡಿಗೆ ಅಗತ್ಯವಿಲ್ಲ, ಈಗ ಕೊಳ್ಳಬೇಡಿ.

ಆಫೀಸಿನಲ್ಲಿ ಸೀಲು ಒತ್ತುವ ನೇರಳೆ ಪ್ಯಾಡು ಮನೆಯಲ್ಲಿದ್ದರೆ ಕೈ ಪಳಗಿಸಲು ಅದೇ ಸಾಕು. ಆದರೆ ನೀರು ಸೋಕಿದರೆ ಅದು ಹರಡುತ್ತದೆ. ಅದರ ಮೇಲೆ ಜಲವರ್ಣ ಹಚ್ಚಿದರೆ ಇಡೀ ಕಾರ್ಡು ನೇರಳೆ. ಯಾವ ಇಂಕು ನೀರು ತಡೆಯುತ್ತದೆ ಅಂತ ತಿಳಿಯಲು ಡಬ್ಬಿಯ ಮೇಲಿನ ಮಾತನ್ನು ನಂಬಿ ಕೂರಬೇಡಿ. ಅದೇ ಹಾಳೆಯ ತುಂಡಿನ ಮೇಲೆ ಒತ್ತಿ, ಪೂರ್ತಿ ಒಣಗಿಸಿ, ಮೇಲೆ ಒದ್ದೆ ಬ್ರಷ್ ಎಳೆಯಿರಿ. ಗೆರೆ ಹಾಗೇ ನಿಂತರೆ ಆ ಇಂಕು ಬಣ್ಣ ತುಂಬುವ ಕಾರ್ಡಿಗೆ. ಹರಡಿದರೆ ಬಣ್ಣ ತುಂಬದ ಕಾರ್ಡಿಗೆ.

ಪ್ಯಾಡು ಕೊಳ್ಳದೆಯೂ ನಡೆಯುತ್ತದೆ. ಪಾತ್ರೆ ತೊಳೆಯುವ ಹೊಸ ಸ್ಪಂಜಿನಿಂದ ಒಂದು ತುಂಡು ಕತ್ತರಿಸಿ. ಅದಕ್ಕೆ ಹಳೆ ಪಂಚೆಯ ಬಟ್ಟೆ ಬಿಗಿಯಾಗಿ ಸುತ್ತಿ, ಸಣ್ಣ ಡಬ್ಬಿಯ ಮುಚ್ಚಳದಲ್ಲಿ ಕೂರಿಸಿ. ಪೋಸ್ಟರ್ ಕಲರಿಗೆ ಸ್ವಲ್ಪವೇ ನೀರು, ಎರಡು ಮೂರು ಹನಿ ಗ್ಲಿಸರಿನ್ ಬೆರೆಸಿ ಬಟ್ಟೆಯ ಮೇಲೆ ಹರಡಿ. ಗ್ಲಿಸರಿನ್ ಇದ್ದರೆ ಪ್ಯಾಡು ಬೇಗ ಒಣಗುವುದಿಲ್ಲ. ಹನಿ ಜಾಸ್ತಿಯಾದರೆ ಕಾರ್ಡೂ ಬೇಗ ಒಣಗುವುದಿಲ್ಲ, ಅದಕ್ಕೇ ಎರಡು ಮೂರು ಹನಿ ಅಂದದ್ದು.

ಈ ಕೆಲಸಕ್ಕೆ ಮೂರು ಬಣ್ಣ ಸಾಕು: ಹಳದಿ, ಎಲೆ ಹಸಿರು, ಕಡು ಕಂದು ಅಥವಾ ನೇರಳೆ. ಕಬ್ಬಿನಲ್ಲಿ ಹಸಿರೂ ಇದೆ, ಕೆಂಗಬ್ಬೂ ಇದೆ, ಅಲ್ವಾ.

ಅಚ್ಚು ಕೆತ್ತುವುದು

ಬಿಳಿ, ಮೆತ್ತನೆಯ, ಚೌಕಾಕಾರದ ರಬ್ಬರ್ ತೆಗೆದುಕೊಳ್ಳಿ. ನಾನ್-ಡಸ್ಟ್ ಅಂತ ಬರುವವು ಕೆತ್ತಲು ಚೆನ್ನಾಗಿರುತ್ತವೆ. ಬಣ್ಣಬಣ್ಣದ, ವಾಸನೆಯ ಗಟ್ಟಿ ರಬ್ಬರು ಪುಡಿಪುಡಿಯಾಗಿ ಒಡೆಯುತ್ತದೆ. ಕಟ್ಟರಿಗೆ ಹೊಸ ಬ್ಲೇಡ್ ಹಾಕಿ. ಮೊಂಡು ಬ್ಲೇಡಿಗೆ ಬಲ ಜಾಸ್ತಿ ಹಾಕಬೇಕಾಗುತ್ತದೆ, ಕೈ ಜಾರುವುದು ಆಗಲೇ. ಅಚ್ಚು ಕೆತ್ತಲೆಂದೇ ಇರುವ ಸಣ್ಣ ಉಳಿ, ಲಿನೋ ಕಟ್ಟರ್, ಸಿಕ್ಕರೆ ಇನ್ನೂ ಒಳ್ಳೆಯದು. ಅದರ 'ವಿ' ಆಕಾರದ ಬಾಯಿ ಗೆರೆಗೆ, 'ಯು' ಆಕಾರದ್ದು ಬಯಲು, ಅಂದರೆ ಚಿತ್ರದ ಸುತ್ತಲಿನ ಖಾಲಿ ಜಾಗ, ಕೆತ್ತಿ ತೆಗೆಯಲು. ಮಕ್ಕಳು ಜೊತೆಗಿದ್ದರೆ ಕೆತ್ತುವುದು ದೊಡ್ಡವರ ಪಾಲಿಗಿರಲಿ, ಒತ್ತುವುದು ಅವರ ಪಾಲಿಗೆ.

ಕಬ್ಬಿನ ತುಂಡನ್ನು ಹೀಗೆ ಕೆತ್ತಿ:

1. ಬಟರ್ ಪೇಪರಿನ ಮೇಲೆ 4ಬಿ ಪೆನ್ಸಿಲಿನಲ್ಲಿ 3 ಸೆಂಟಿಮೀಟರ್ ಉದ್ದ, 1 ಸೆಂಟಿಮೀಟರ್ ಅಗಲದ ತುಂಡು ಬರೆಯಿರಿ. ಎರಡೂ ತುದಿ ಸ್ವಲ್ಪ ಅಗಲ, ನಡು ಸ್ವಲ್ಪ ಕಿರಿದು. ಒಂದು ತುದಿಗೆ 2 ಮಿಲಿಮೀಟರ್ ಬಿಟ್ಟು ಅಡ್ಡಗೆರೆ ಹಾಕಿ. ಗೆಣ್ಣು ಅದೇ.

2. ಪೆನ್ಸಿಲ್ ಇರುವ ಮುಖವನ್ನು ರಬ್ಬರಿನ ಮೇಲೆ ಕವುಚಿ ಹಾಕಿ. ಉಗುರಿನಲ್ಲೋ ಚಮಚದ ಬೆನ್ನಿನಲ್ಲೋ ಉಜ್ಜಿ. ಕಾಗದ ಎತ್ತಿದರೆ ಚಿತ್ರ ರಬ್ಬರಿಗೆ ಇಳಿದಿರುತ್ತದೆ.

3. ಗೆರೆಯ ಹೊರಗೆ ಬ್ಲೇಡನ್ನು ಓರೆ ಹಿಡಿದು ಕತ್ತರಿಸಿ. ಬ್ಲೇಡಿನ ತುದಿ ಚಿತ್ರದಿಂದ ಹೊರಕ್ಕೆ ಇಳಿಯಬೇಕು, ಒಳಕ್ಕಲ್ಲ. ಹೀಗೆ ಮಾಡಿದರೆ ಉಬ್ಬು ಭಾಗದ ಬುಡ ಅಗಲವಾಗಿ ನಿಲ್ಲುತ್ತದೆ. ಒಳಕ್ಕೆ ಕೊಯ್ದರೆ ಬುಡ ಸಣ್ಣಗಾಗಿ, ಒತ್ತುವಾಗ ಅಂಚು ಬಾಗುತ್ತದೆ, ಕೊನೆಗೆ ಹರಿದೇ ಹೋಗುತ್ತದೆ.

4. ತಿರುವು ಬಂದಾಗ ಬ್ಲೇಡನ್ನು ತಿರುಗಿಸಬೇಡಿ, ರಬ್ಬರನ್ನು ತಿರುಗಿಸಿ. ಗೆರೆ ನುಣ್ಣಗೆ ಬರುವ ಗುಟ್ಟು ಇದೇ. ರಬ್ಬರ್ ಹಿಡಿದ ಬೆರಳು ಯಾವಾಗಲೂ ಬ್ಲೇಡಿನ ಹಿಂದಿರಲಿ.

5. ಸುತ್ತಲಿನ ಬಯಲನ್ನು 2ರಿಂದ 3 ಮಿಲಿಮೀಟರ್ ಆಳಕ್ಕೆ ತೆಗೆಯಿರಿ. ಗೆಣ್ಣಿನ ಅಡ್ಡಗೆರೆಯನ್ನು 'ವಿ' ಆಕಾರದಲ್ಲಿ ಸಣ್ಣಗೆ ಕೊರೆಯಿರಿ. ಅದು ಒತ್ತಿದಾಗ ಬಿಳಿ ಗೆರೆಯಾಗಿ ಮೂಡುತ್ತದೆ.

6. ಸಾದಾ ಹಾಳೆಯ ಮೇಲೆ ಒತ್ತಿ ನೋಡಿ. ಬಯಲಿನಲ್ಲಿ ಅಲ್ಲಲ್ಲಿ ಸಣ್ಣ ಗೀಚು ಮೂಡಿದರೆ ಆ ಜಾಗ ಇನ್ನೂ ಎತ್ತರವಿದೆ ಅಂತ ಅರ್ಥ. ಅಚ್ಚಿನಲ್ಲೂ ಅಲ್ಲಿ ಇಂಕು ಮೆತ್ತಿಕೊಂಡಿರುತ್ತದೆ, ಹುಡುಕುವುದು ಕಷ್ಟವಲ್ಲ. ಅಷ್ಟನ್ನೇ ಕೆತ್ತಿ ತೆಗೆಯಿರಿ. ಬೇಕು ಅನ್ನಿಸಿದರೆ ಬಿಟ್ಟುಬಿಡಬಹುದು ಕೂಡ. ಕೈಯಲ್ಲಿ ಕೆತ್ತಿದ ಗುರುತು ಅದು, ನನಗಂತೂ ಇಷ್ಟ.

ಎಲೆಗೆ 5 ಸೆಂಟಿಮೀಟರ್ ಉದ್ದದ ಸಣ್ಣ ಕತ್ತಿಯಾಕಾರ, ಮಧ್ಯೆ ಒಂದು ನರ. ಒಂದು ಕಡೆಗೆ ಸ್ವಲ್ಪ ಬಾಗಿರಲಿ, ನೆಟ್ಟಗಿರುವ ಎಲೆಗೆ ಜೀವ ಇರುವುದಿಲ್ಲ. ಎಳ್ಳಿಗೆ ಕೆತ್ತುವ ಕೆಲಸವೇ ಇಲ್ಲ. ಪೆನ್ಸಿಲಿನ ಹಿಂದಿರುವ ರಬ್ಬರಿನ ತುದಿಯನ್ನು ಒಂದು ಕಡೆ ಚೂಪು, ಒಂದು ಕಡೆ ಗುಂಡಗೆ ಬರುವಂತೆ ನಾಲ್ಕು ಸಲ ಕೊಯ್ದರೆ ಮುಗೀತು. ಹಿಡಿಕೆಯೂ ಜೊತೆಗೇ ಇರುತ್ತದೆ.

ಕಬ್ಬು ಬೇಡ, ಬೇರೆ ವಿನ್ಯಾಸ ಬೇಕು ಅನ್ನುವವರು ಕಸೂತಿ ಸೀರೆಯ ಅಂಚು ನೋಡಿ. ಧಾರವಾಡ, ಹುಬ್ಬಳ್ಳಿ ಕಡೆಯ ಕಸೂತಿಯಲ್ಲಿ ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲವೂ ಉದ್ದ, ಅಡ್ಡ, ಓರೆ ಗೆರೆಗಳಲ್ಲೇ ಕಟ್ಟಿಕೊಳ್ಳುತ್ತವೆ. ಮುರಗಿ ಹೊಲಿಗೆಯ ಮೆಟ್ಟಿಲು ಮೆಟ್ಟಿಲಾದ ಆಕಾರ ಬ್ಲೇಡಿಗೆ ಹೇಳಿ ಮಾಡಿಸಿದ ಹಾಗಿದೆ. ಗ್ರಾಫ್ ಹಾಳೆಯ ಮೇಲೆ ಬರೆದುಕೊಂಡು ರಬ್ಬರಿಗೆ ಇಳಿಸಿದರೆ ಗುಂಡು ತಿರುವುಗಳ ತಾಪತ್ರಯವೇ ಇಲ್ಲ. ಹೊಸಬರಿಗೆ ಹೂವಿಗಿಂತ ಇದೇ ಸುಲಭ.

ಕನ್ನಡ ಅಕ್ಷರ

ಕಾರ್ಡಿಗೆ ಶುಭಾಶಯ ಬೇಕಲ್ಲ. ಕೊಳ್ಳುವ ಸೆಟ್ಟುಗಳಲ್ಲಿ ಬಹುಪಾಲು ಇಂಗ್ಲಿಷೇ. ಕನ್ನಡದ ಅಚ್ಚು ಬೇಕಾದರೆ ನಾವೇ ಮಾಡಬೇಕು, ಅಥವಾ ಮಾಡಿಸಬೇಕು.

ಕೆತ್ತುವುದಾದರೆ ಒಂದೇ ಚಿಕ್ಕ ಪದ ಆರಿಸಿ. ನಮ್ಮ ಅಕ್ಷರಗಳಲ್ಲಿ ಸುರುಳಿ ಜಾಸ್ತಿ. ಸುರುಳಿಯೊಳಗಿನ ಸಣ್ಣ ಬಯಲನ್ನು ತೆಗೆಯುವುದೇ ಕಷ್ಟ. 'ಎಳ್ಳು' ಬರೆದು ನೋಡಿ: ಳ ಕೆಳಗಿನ ಒತ್ತು, ಪಕ್ಕದ ಕೊಂಬು ಒಂದಕ್ಕೊಂದು ಅಂಟಿಕೊಂಡಂತೆ ಕೂರುತ್ತವೆ. ನಡುವೆ ಒಂದು ಮಿಲಿಮೀಟರಾದರೂ ಜಾಗ ಬರಬೇಕಾದರೆ ಮುಖ್ಯ ಅಕ್ಷರ ಒಂದೂವರೆ ಸೆಂಟಿಮೀಟರ್ ಎತ್ತರ ಇರಲೇಬೇಕು. ಬರೆಯುವಾಗಲೇ ಒತ್ತಕ್ಷರವನ್ನು ಸ್ವಲ್ಪ ಕೆಳಗೆ, ಬಲಕ್ಕೆ ಸರಿಸಿ ಬರೆಯಿರಿ.

ಕನ್ನಡಿ ಅಕ್ಷರದ ತಲೆನೋವಿಗೆ ಬಟರ್ ಪೇಪರೇ ಮದ್ದು. ಕಾಗದದ ಮೇಲೆ ಸರಿಯಾಗಿ ಬರೆಯಿರಿ, ಕವುಚಿ ಹಾಕಿ ಉಜ್ಜಿ. ರಬ್ಬರಿನ ಮೇಲೆ ತಿರುಗಾ ಮುರುಗಾ ಬೀಳುತ್ತದೆ. ಅದನ್ನು ಹಾಗೇ ಕೆತ್ತಿ. ಒತ್ತಿದಾಗ ಸರಿಯಾಗಿ ಮೂಡುತ್ತದೆ. ರಬ್ಬರಿನ ಮೇಲೆ ಓದಲು ಬಂದರೆ ಮಾತ್ರ ಎಲ್ಲೋ ತಪ್ಪಿದೆ ಅಂತ ಲೆಕ್ಕ.

'ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ' ಅಂತ ಇಡೀ ಸಾಲು ಬೇಕೆಂದರೆ ಊರಿನ ಸೀಲ್ ಅಂಗಡಿಗೆ ಹೋಗಿ. ಕೋರ್ಟು, ತಾಲ್ಲೂಕು ಕಚೇರಿಯ ಆಸುಪಾಸಿನಲ್ಲಿ ಇಂಥ ಅಂಗಡಿ ಇದ್ದೇ ಇರುತ್ತದೆ. ಪದನಾಮದ ಸೀಲು ಮಾಡುವವರು ನಿಮ್ಮ ಕೈಬರಹದ್ದನ್ನೂ ಮಾಡಿಕೊಡುತ್ತಾರೆ, ಆದರೆ ಹೇಳಬೇಕಾದ್ದನ್ನು ಸರಿಯಾಗಿ ಹೇಳಬೇಕು. ಅಪ್ಪಟ ಬಿಳಿ ಹಾಳೆಯ ಮೇಲೆ ಕಪ್ಪು ಜೆಲ್ ಪೆನ್ನಿನಲ್ಲಿ, ಬೇಕಾದ ಅಳತೆಯಲ್ಲೇ ಬರೆದು ಕೊಡಿ. ಗೆರೆ ಅರ್ಧ ಮಿಲಿಮೀಟರಿಗಿಂತ ಸಣ್ಣ ಬೇಡ. ಸುತ್ತ ಚೌಕಟ್ಟು ಹಾಕಬೇಡಿ ಅನ್ನಿ, ಇಲ್ಲದಿದ್ದರೆ ಅಭ್ಯಾಸದಲ್ಲಿ ಹಾಕಿಬಿಟ್ಟಾರು. ಒಳಗೇ ಇಂಕು ತುಂಬಿದ ಸೀಲು ಬೇಡ, ಹಿಡಿಕೆಗೆ ಅಂಟಿಸಿದ ಪಾಲಿಮರ್ ಸೀಲು ಬೇಕು ಅನ್ನಿ. ಒಳಗೆ ಇಂಕು ತುಂಬಿದ್ದಾದರೆ ಒಂದೇ ಬಣ್ಣಕ್ಕೆ ಕಟ್ಟುಬೀಳುತ್ತೀರಿ, ಮುಂದೆ ಹೇಳುವ ಯಾವ ಪ್ರಯೋಗವೂ ಅದರಲ್ಲಿ ಆಗುವುದಿಲ್ಲ. ಅಜ್ಜಿಯ ಕೈಬರಹದ ಒಂದು ಸಾಲು ಹಳೆ ಪತ್ರದಲ್ಲಿ ಉಳಿದಿದ್ದರೆ ಅದನ್ನೇ ಜೆರಾಕ್ಸ್ ಮಾಡಿಸಿ ಕೊಡಿ. ಮನೆಮಂದಿಗೆ ಕಳಿಸುವ ಕಾರ್ಡಿಗೆ ಅದಕ್ಕಿಂತ ಒಳ್ಳೆ ಅಚ್ಚು ಎಲ್ಲಿ ಸಿಗುತ್ತದೆ?

ಪಾಲಿಮರ್ ಅಚ್ಚು ಹೊಸದರಲ್ಲಿ ಇಂಕು ಹಿಡಿಯುವುದಿಲ್ಲ, ಹನಿ ಹನಿಯಾಗಿ ನಿಲ್ಲುತ್ತದೆ. ಅದರ ಮುಖವನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿದರೆ ಸರಿಹೋಗುತ್ತದೆ.

ಒತ್ತುವ ಕೈ

ಮೇಜಿನ ಗಟ್ಟಿ ಹಲಗೆಯ ಮೇಲೆ ನೇರ ಒತ್ತಬೇಡಿ. ಕಾರ್ಡಿನ ಕೆಳಗೆ ಮೌಸ್ ಪ್ಯಾಡೋ, ಕ್ರಾಫ್ಟ್ ಫೋಮ್ ಶೀಟೋ, ಏನೂ ಇಲ್ಲದಿದ್ದರೆ ಹಳೇ ವಾರಪತ್ರಿಕೆಯೋ ಇರಲಿ. ಅಷ್ಟು ಮೆತ್ತಗಿದ್ದರೆ ಅಚ್ಚಿನ ತಗ್ಗು ದಿಣ್ಣೆ ಸರಿಹೋಗಿ ಎಲ್ಲ ಕಡೆ ಸಮನಾಗಿ ಮೂಡುತ್ತದೆ.

ಅಚ್ಚನ್ನು ಪ್ಯಾಡಿನೊಳಗೆ ಅದುಮಬೇಡಿ. ಅಚ್ಚನ್ನು ಮುಖ ಮೇಲೆ ಮಾಡಿ ಹಿಡಿದು, ಪ್ಯಾಡಿನಿಂದ ಅದರ ಮೇಲೆ ಮೆಲ್ಲಗೆ ತಟ್ಟಿ. ಬೆಳಕಿಗೆ ಓರೆ ಹಿಡಿದು ನೋಡಿ. ಮುಖ ಒಂದೇ ಸಮ ಮಿನುಗಬೇಕು, ತಗ್ಗಿನಲ್ಲಿ ಇಂಕು ನಿಂತಿರಬಾರದು. ಆಮೇಲೆ ನೇರ ಇಳಿಸಿ, ಒತ್ತಿ, ಎರಡು ಎಣಿಸಿ, ನೇರ ಎತ್ತಿ. ಅತ್ತಿತ್ತ ಅಲ್ಲಾಡಿಸಿದರೆ ಅಂಚು ಎರಡೆರಡಾಗಿ ಕಾಣುತ್ತದೆ. ಚಿತ್ರದ ಸುತ್ತ ಕಡು ಅಂಚು, ನಡುವೆ ಪೇಲವ ಬಂದರೆ ಒತ್ತಿದ್ದು ಜಾಸ್ತಿ: ಇಂಕು ನಡುವಿನಿಂದ ಹೊರಕ್ಕೆ ಹಿಂಡಿಕೊಂಡು ಹೋಗಿದೆ. ಅಲ್ಲಲ್ಲಿ ಬಿಳಿ ಚುಕ್ಕೆ ಉಳಿದರೆ ಇಂಕು ಕಡಿಮೆ. ಒಂದು ಕಡೆ ಮಾತ್ರ ಮೂಡಿದರೆ ಕೈ ವಾಲಿದೆ. ಹತ್ತು ಹದಿನೈದು ಸಲ ಸುಮ್ನೆ ರಫ್ ಹಾಳೆಯಲ್ಲಿ ಒತ್ತುತ್ತಾ ಹೋದರೆ ಕೈಗೇ ಹದ ಸಿಗುತ್ತದೆ.

ಈಗ ಪ್ರಯೋಗಗಳು

*ಒಂದೇ ಅಚ್ಚು, ಮತ್ತೆ ಮತ್ತೆ.* ಕಬ್ಬಿನ ತುಂಡನ್ನು ಒಂದರ ಮೇಲೊಂದು ನಾಲ್ಕು ಸಲ ಒತ್ತಿದರೆ 12 ಸೆಂಟಿಮೀಟರಿನ ಜಲ್ಲೆ. ಪ್ರತಿ ತುಂಡಿನ ನಡುವೆ ಕೂದಲೆಳೆಯಷ್ಟು ಜಾಗ ಬಿಡಿ. ಪ್ರತಿ ಸಲ ಅಚ್ಚನ್ನು ತುಸು ಓರೆ ಮಾಡುತ್ತಾ ಹೋದರೆ ಜಲ್ಲೆ ಬಾಗುತ್ತದೆ. ಅಚ್ಚನ್ನು ಅಡ್ಡ ಮಲಗಿಸಿ ಸಾಲಾಗಿ ಒತ್ತಿದರೆ ಅಂಚುಪಟ್ಟಿ. ಎಂಟು ತುಂಡನ್ನು ಸುತ್ತಲೂ ಚಕ್ರದಂತೆ ಒತ್ತಿದರೆ ರಂಗೋಲಿ. ಚಕ್ರಕ್ಕೆ ಮೊದಲು ಪೆನ್ಸಿಲಿನಲ್ಲಿ ಕೂಡು ಗುರುತಿನಂತೆ (+) ಗೆರೆ ಹಾಕಿಕೊಂಡು, ಆಮೇಲೆ ಅದರ ನಡುವೆ ಓರೆ ಗೆರೆ ಹಾಕಿ. ಮೊದಲು ನಾಲ್ಕು ದಿಕ್ಕು, ನಂತರ ನಾಲ್ಕು ಮೂಲೆ. ಒಂದರ ಪಕ್ಕ ಒಂದು ಒತ್ತುತ್ತಾ ಹೋದರೆ ಕೊನೆಯದಕ್ಕೆ ಜಾಗ ಸಾಲುವುದಿಲ್ಲ.

*ಮಾಸಿದ ನೆರಳು.* ಇಂಕು ಹಚ್ಚಿ ಮೊದಲು ರಫ್ ಹಾಳೆಯ ಮೇಲೆ ಒಮ್ಮೆ ಒತ್ತಿ. ಮತ್ತೆ ಇಂಕು ಹಚ್ಚದೆ ಕಾರ್ಡಿನ ಮೇಲೆ ಒತ್ತಿ. ಎರಡನೇ ಸಲದ್ದು ತೆಳುವಾಗಿ ಮೂಡುತ್ತದೆ, ಮೂರನೆಯದು ಇನ್ನೂ ತೆಳು. ದೂರದ ಕಬ್ಬಿನ ಸಾಲು ತೆಳು, ಹತ್ತಿರದ್ದು ದಟ್ಟ. ಒಂದೇ ಹಸಿರು ಪ್ಯಾಡಿನಲ್ಲಿ ಇಡೀ ಗದ್ದೆ ಬರುತ್ತದೆ. ಖರ್ಚಿಲ್ಲದ ಈ ಉಪಾಯ ಕಾರ್ಡಿಗೆ ಕೊಡುವ ಆಳವನ್ನು ಬೇರೆ ಯಾವುದೂ ಕೊಡುವುದಿಲ್ಲ ಅಂತ ನನ್ನ ನಂಬಿಕೆ.

*ಮರೆ ಇಡುವುದು.* ಒಂದು ಜಲ್ಲೆಯ ಹಿಂದೆ ಇನ್ನೊಂದು ಬರಬೇಕು. ಮುಂದಿರುವುದನ್ನು ಮೊದಲು ಒತ್ತಿ ಒಣಗಿಸಿ. ಅದೇ ಅಚ್ಚನ್ನು ಅಂಟುಚೀಟಿಯ (ಅಂಟಿಸಿ ಸಲೀಸಾಗಿ ಕೀಳಬಹುದಾದ ಸ್ಟಿಕಿ ನೋಟ್) ಮೇಲೂ ಒತ್ತಿ, ಅಂಚಿನ ಗೆರೆಗಿಂತ ಕೂದಲಷ್ಟು ಒಳಗೆ ಕತ್ತರಿಸಿ. ಆ ತುಂಡನ್ನು ಮೊದಲ ಚಿತ್ರದ ಮೇಲೆ ಮುಚ್ಚಿ, ಅದರ ಮೇಲೇ ಹಾಯುವಂತೆ ಎರಡನೆಯದನ್ನು ಒತ್ತಿ. ಚೀಟಿ ತೆಗೆದರೆ ಎರಡನೆಯದು ಹಿಂದೆ ಸರಿದಿರುತ್ತದೆ. ಅಂಚಿಗೆ ಸರಿಯಾಗಿ ಅಥವಾ ಹೊರಗೆ ಕತ್ತರಿಸಿದರೆ ಎರಡರ ನಡುವೆ ಬಿಳಿ ಗೆರೆ ಉಳಿಯುತ್ತದೆ, ಅದಕ್ಕೇ ತುಸು ಒಳಗೆ.

*ಎರಡು ಬಣ್ಣದ ಎಲೆ.* ಎಲೆಯ ಅಚ್ಚಿಗೆ ಪೂರ್ತಿ ಹಳದಿ ಹಚ್ಚಿ. ಆಮೇಲೆ ಅಂಚನ್ನು ಮಾತ್ರ ಹಸಿರಿಗೆ ತಾಗಿಸಿ ಹೊರಳಿಸಿ. ನಡುವೆ ಹಳದಿ, ಅಂಚಿಗೆ ಹಸಿರು. ತಿಳಿ ಬಣ್ಣ ಮೊದಲು, ಕಡು ಬಣ್ಣ ಆಮೇಲೆ. ಹಸಿರು ತಾಗಿದ ಅಚ್ಚನ್ನು ಒರೆಸದೆ ಹಳದಿ ಪ್ಯಾಡಿಗೆ ಇಟ್ಟರೆ ಪ್ಯಾಡೇ ಕೆಡುತ್ತದೆ. ಪ್ರತಿ ಸಲ ಒರೆಸಿ.

*ಸ್ಕೆಚ್ ಪೆನ್.* ಮಕ್ಕಳ ಸ್ಕೆಚ್ ಪೆನ್ನಿನಿಂದ ಅಚ್ಚಿನ ಮೇಲೇ ಬಣ್ಣ ಬಳಿಯಿರಿ: ತುಂಡಿಗೆ ನೇರಳೆ, ಗೆಣ್ಣಿನ ಕಡೆಯ ತುದಿಗೆ ಕಂದು. ಬಳಿದು ಮುಗಿಯುವಷ್ಟರಲ್ಲಿ ಮೊದಲು ಬಳಿದದ್ದು ಒಣಗಿರುತ್ತದೆ. ಕನ್ನಡಕ ಒರೆಸುವಾಗ ಮಾಡುವಂತೆ ಬಾಯಿಂದ 'ಹಾ' ಅಂತ ಒಮ್ಮೆ ಉಸಿರು ಬಿಡಿ. ಉಸಿರಿನ ತೇವಕ್ಕೆ ಬಣ್ಣ ಮತ್ತೆ ಎದ್ದು ಬರುತ್ತದೆ. ತಕ್ಷಣ ಒತ್ತಿ. ಇದಕ್ಕೆ ನೀರಿನ ಸ್ಕೆಚ್ ಪೆನ್ನೇ ಆಗಬೇಕು, ಪರ್ಮನೆಂಟ್ ಮಾರ್ಕರ್ ಅಚ್ಚನ್ನು ಹಾಳು ಮಾಡುತ್ತದೆ. ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾಗುವ ಪ್ರಯೋಗ ಇದು.

*ಅಚ್ಚಿನ ಮೇಲೆ ಅಚ್ಚು.* ಕಬ್ಬಿನ ತುಂಡಿನಂಥ ಗಟ್ಟಿ ಆಕಾರದ ಅಚ್ಚಿಗೆ ಇಂಕು ಹಚ್ಚಿ. ಅದರ ಮೇಲೆ ಒಣ ಎಳ್ಳಿನ ಅಚ್ಚನ್ನು ಅಲ್ಲಲ್ಲಿ ತಾಗಿಸಿ ಎತ್ತಿ. ಅಷ್ಟು ಜಾಗದ ಇಂಕು ಕಿತ್ತು ಬರುತ್ತದೆ. ಈಗ ಒತ್ತಿದರೆ ಒಳಗೆ ತಿಳಿ ಕಾಳಿನ ಗುರುತು. ಎಳ್ಳಿನ ಅಚ್ಚನ್ನು ಪ್ರತಿ ಸಲ ಒರೆಸಿಕೊಳ್ಳಿ. ಕುಪ್ಪಸದ ಜರಿ ಅಂಚು, ಗೋಣಿಬಟ್ಟೆ, ಬಬಲ್ ಶೀಟು, ಹೀಗೆ ಯಾವುದನ್ನು ಒತ್ತಿದರೂ ಒಂದೊಂದು ಮೈ ಬರುತ್ತದೆ.

*ಉಬ್ಬು ಗೆರೆ.* ಇದಕ್ಕೆ ಎಂಬಾಸಿಂಗ್ ಪುಡಿ, ಅಂದರೆ ಬಿಸಿಗೆ ಕರಗಿ ಹಾಳೆಯ ಮೇಲೆ ಉಬ್ಬಾಗಿ ನಿಲ್ಲುವ ಪುಡಿ, ಬೇಕು. ಕ್ರಾಫ್ಟ್ ಅಂಗಡಿಯಲ್ಲಿ ಸಿಗುತ್ತದೆ. ಬೇಗ ಒಣಗದ ಇಂಕಿನಲ್ಲಿ ಒತ್ತಬೇಕು, ಅಂದರೆ ಪಿಗ್ಮೆಂಟ್. ಅದಿಲ್ಲದಿದ್ದರೆ ಗ್ಲಿಸರಿನ್ನಿಗೆ ಒಂದೆರಡು ಹನಿ ನೀರು ಬೆರೆಸಿ ಫೆಲ್ಟ್ ತುಂಡಿಗೆ ತೆಳುವಾಗಿ ಹಚ್ಚಿದರೂ ನಡೆಯುತ್ತದೆ. ಒತ್ತುವ ಮುಂಚೆ ಕಾರ್ಡಿನ ಮೇಲೆ ಚೂರು ಟಾಲ್ಕಂ ಪೌಡರ್ ಸವರಿ ಕೊಡವಿ. ಇಲ್ಲದಿದ್ದರೆ ಎಂಬಾಸಿಂಗ್ ಪುಡಿ ಬೇಡದ ಕಡೆಯೆಲ್ಲ ಅಂಟುತ್ತದೆ. ಒತ್ತಿದ ಕೂಡಲೇ ಪುಡಿ ಸುರಿದು, ಉಳಿದದ್ದನ್ನು ಹಾಳೆಗೆ ಕೊಡವಿಕೊಂಡು ಡಬ್ಬಿಗೆ ವಾಪಸ್ ಹಾಕಿ. ಆಮೇಲೆ ಹೀಟ್ ಗನ್ (ತುಂಬಾ ಬಿಸಿ ಗಾಳಿ ಊದುವ ಸಾಧನ) ಹಿಡಿಯಿರಿ. ಕೂದಲು ಒಣಗಿಸುವ ಡ್ರೈಯರ್ ಆಗುವುದಿಲ್ಲ. ಅದರಲ್ಲಿ ಅಷ್ಟು ಬಿಸಿ ಇಲ್ಲ, ಗಾಳಿ ಮಾತ್ರ ಜೋರು, ಪುಡಿ ಹಾರಿಹೋಗುತ್ತದೆ. ಹೀಟ್ ಗನ್ ಇಲ್ಲದವರು ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಿಸಿ, ಒಲೆ ಆರಿಸಿ, ಇಕ್ಕಳದಲ್ಲಿ ಕಾರ್ಡು ಹಿಡಿದು ಕಾವಲಿಗೆ ತಾಗದಂತೆ ಒಂದಂಗುಲ ಮೇಲೆ ಆಡಿಸಿ. ಉರಿಯುವ ಒಲೆಯ ಮೇಲೆ ಹಿಡಿಯಲೇಬೇಡಿ.

ಇಲ್ಲಿ ಕಣ್ಣು ಕೀಳದೆ ನೋಡಬೇಕು. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ, ಸಕ್ಕರೆ ಉದುರಿದಂತೆ ಪುಡಿ ಮಂಕಾಗಿ ಕೂತಿರುತ್ತದೆ. ಆಮೇಲೆ ಒಂದು ತುದಿಯಿಂದ ತಟ್ಟನೆ ಕರಗಿ ಹೊಳಪೇರುತ್ತಾ ಹೋಗುತ್ತದೆ. ಹೊಳಪು ಬಂದ ಕೂಡಲೇ ಬಿಸಿಯನ್ನು ಮುಂದಕ್ಕೆ ಸರಿಸಿ. ಅಲ್ಲೇ ನಿಂತರೆ ಪುಡಿ ಹಾಳೆಯೊಳಗೆ ಇಳಿದು ಎಣ್ಣೆ ಕಲೆಯಂತೆ ಕಾಣುತ್ತದೆ.

ಬಿಳಿ ಪುಡಿಯಲ್ಲಿ ಹೀಗೆ ಮಾಡಿದ ಎಲೆಗಳ ಮೇಲೆ ಹಸಿರು ಜಲವರ್ಣವನ್ನು ಧಾರಾಳವಾಗಿ ಎಳೆಯಿರಿ. ಉಬ್ಬು ಗೆರೆಗೆ ಬಣ್ಣ ಹತ್ತುವುದಿಲ್ಲ. ಮೇಲೆ ನಿಂತ ಹನಿಯನ್ನು ಟಿಶ್ಯೂವಿನಿಂದ ಒತ್ತಿ ತೆಗೆದರೆ ಹಸಿರಿನ ನಡುವೆ ಬಿಳಿ ಎಲೆಗಳು ಎದ್ದು ಕಾಣುತ್ತವೆ.

ಕಾರ್ಡು ಕಟ್ಟುವುದು

ಮಡಿಸಿದ ಕಾರ್ಡನ್ನು ನಿಲುವಾಗಿ ಇಟ್ಟುಕೊಳ್ಳಿ. ಎಡಗಡೆ ಎರಡು ಜಲ್ಲೆ, ಒಂದು ದಟ್ಟ, ಅದರ ಹಿಂದೆ ಒಂದು ಮಾಸಿದ್ದು. ತುದಿಯಲ್ಲಿ ಮೂರು ನಾಲ್ಕು ಎಲೆ, ಒಂದೆರಡು ಕಾರ್ಡಿನಿಂದ ಹೊರಗೆ ಹಾಯುವಂತೆ ಒತ್ತಿ. ಕೆಳಗೆ ಒಂದು ರಫ್ ಹಾಳೆ ಹಾಕಿಕೊಂಡರೆ ಇಂಕು ಮೇಜಿಗೆ ಹತ್ತುವುದಿಲ್ಲ. ಬಲಗಡೆ ಬುಡದಲ್ಲಿ ಅಕ್ಷರ. ಎಳ್ಳಿನ ಕಾಳು ಅಕ್ಷರದ ಸುತ್ತ ಐದಾರು ಸಾಕು, ಎಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುವುದು ಬೇಡ. ಬಲ ಮೇಲ್ಭಾಗ ಖಾಲಿ ಇರಲಿ. ಅಲ್ಲೂ ಏನಾದರೂ ಒತ್ತಬೇಕು ಅಂತ ಕೈ ತುಡಿಯುತ್ತದೆ, ಬಿಡಿ. ಅಕ್ಷರವನ್ನು ಕೊನೆಗೆ ಒತ್ತುವವರೇ ಹೆಚ್ಚು. ನಾನು ಹೇಳುವುದು ಅದನ್ನೇ ಮೊದಲು ಒತ್ತಿ ಅಂತ. ಅದು ವಾಲಿದರೆ ಬರಿ ಹಾಳೆ ಹೋಯಿತು, ಮಾಡಿ ಮುಗಿಸಿದ ಚಿತ್ರ ಹೋಗುವುದಿಲ್ಲ.

ಬೇರೆ ತುಂಡಿನ ಮೇಲೆ ಒತ್ತಿ ಕತ್ತರಿಸಿ ಅಂಟಿಸುವುದೂ ಒಂದು ದಾರಿ. ಹಿಂದೆ ಫೋಮ್ ಟೇಪ್ ಹಾಕಿದರೆ ಎತ್ತರಿಸಿ ನಿಲ್ಲುತ್ತದೆ. ಫೆವಿಕಾಲ್ ಬಳಸುವುದಾದರೆ ತೆಳುವಾಗಿ, ಇಲ್ಲದಿದ್ದರೆ ಹಾಳೆ ಸೊಟ್ಟಗಾಗುತ್ತದೆ. ಅಂಚೆಯಲ್ಲಿ ಕಳಿಸುವ ಕಾರ್ಡಿಗೆ ಇಂಥ ಉಬ್ಬು ಅಲಂಕಾರ ಬೇಡ, ದಾರಿಯಲ್ಲಿ ನಜ್ಜುಗುಜ್ಜಾಗುತ್ತದೆ. ಕೈಯಾರೆ ಕೊಡುವ ಕಾರ್ಡಿಗೆ ಇರಲಿ.

ಎಳ್ಳಿನ ಕವರಿಗೆ ಕಂದು ಕ್ರಾಫ್ಟ್ ಕಾಗದ ಚೆನ್ನಾಗಿ ಒಪ್ಪುತ್ತದೆ. ಕಂದಿನ ಮೇಲೆ ಹಳದಿ, ತಿಳಿಹಸಿರು ಡೈ ಇಂಕು ಕಾಣುವುದೇ ಇಲ್ಲ. ಕಡು ಕಂದು ಅಥವಾ ಬಿಳಿ ಪಿಗ್ಮೆಂಟ್ ಒತ್ತಿ. ಕಾಗದವನ್ನು ಮಡಿಸಿ ಅಂಟಿಸುವ ಮುಂಚೆ, ಚಪ್ಪಟೆಯಾಗಿದ್ದಾಗಲೇ ಒತ್ತಬೇಕು. ಆಮೇಲಾದರೆ ಅಂಟಿಸಿದ ಅಂಚಿನ ದಿಣ್ಣೆ ಚಿತ್ರದಲ್ಲಿ ಮೂಡುತ್ತದೆ. ಒತ್ತಿದ ಮುಖ ಹೊರಗಿರಲಿ, ಎಳ್ಳು ಬೆಲ್ಲವನ್ನು ಒಳಗೆ ಬೇರೆ ಪೊಟ್ಟಣದಲ್ಲಿ ಹಾಕಿ. ಈ ಇಂಕು ತಿನ್ನುವ ಪದಾರ್ಥಕ್ಕೆ ತಾಗುವಂಥದ್ದಲ್ಲ.

ತೊಳೆದು ಇಡುವುದು

ಕೆಲಸ ಮುಗಿದ ಕೂಡಲೇ ಒದ್ದೆ ಬಟ್ಟೆಯಿಂದ ಅಚ್ಚು ಒರೆಸಿ. ತಗ್ಗಿನಲ್ಲಿ ಇಂಕು ಕೂತಿದ್ದರೆ ಹಳೇ ಟೂತ್‌ಬ್ರಷ್. ಪೋಸ್ಟರ್ ಕಲರ್, ಅಕ್ರಿಲಿಕ್ ಬಳಸಿದ್ದರೆ ಒಣಗಲು ಬಿಡಲೇಬಾರದು, ಗಟ್ಟಿಯಾಗಿ ಗೆರೆ ಮುಚ್ಚಿಹೋಗುತ್ತದೆ. ಪಾಲಿಮರ್ ಅಚ್ಚಿಗೆ ಥಿನ್ನರ್, ಸ್ಪಿರಿಟ್ ಮುಟ್ಟಿಸಬೇಡಿ. ಬಣ್ಣದ ಕಲೆ ಉಳಿದರೆ ಚಿಂತೆಯಿಲ್ಲ, ಒತ್ತುವುದಕ್ಕೆ ಅದರಿಂದ ತೊಂದರೆಯಿಲ್ಲ.

ರಬ್ಬರಿನ ಅಚ್ಚುಗಳನ್ನು ಹಾಗೇ ಪ್ಲಾಸ್ಟಿಕ್ ಡಬ್ಬಿಗೆ ಹಾಕಬೇಡಿ. ಬಿಳಿ ರಬ್ಬರನ್ನು ಮೆತ್ತಗಿಡಲು ಬೆರೆಸಿರುವ ಎಣ್ಣೆಯಂಥ ಪದಾರ್ಥ ಪ್ಲಾಸ್ಟಿಕ್ಕನ್ನು ಕರಗಿಸಿ ಎರಡೂ ಅಂಟಿಕೊಳ್ಳುತ್ತವೆ. ಕಂಪಾಸು ಪೆಟ್ಟಿಗೆಯಲ್ಲಿ ರಬ್ಬರು ಸ್ಕೇಲಿಗೆ ಅಂಟಿರುವುದನ್ನು ನೀವೂ ನೋಡಿರುತ್ತೀರಿ. ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಆ ಕಾಗದದ ಮೇಲೆ ಅದೇ ಅಚ್ಚನ್ನು ಒತ್ತಿಟ್ಟರೆ ಬಿಚ್ಚದೆಯೇ ಯಾವುದು ಅಂತ ತಿಳಿಯುತ್ತದೆ. ಬಿಸಿಲು ತಾಗದ ಡ್ರಾಯರಿನಲ್ಲಿರಲಿ. ಇಂಕ್ ಪ್ಯಾಡುಗಳನ್ನು ಮುಚ್ಚಳ ಬಿಗಿ ಮಾಡಿ ತಲೆಕೆಳಗಾಗಿ ಇಡಿ, ಇಂಕು ಮೇಲ್ಮೈಗೆ ಇಳಿದು ಬರುತ್ತದೆ. ರಾಯಚೂರು, ಕಲಬುರಗಿಯಂಥ ಬಿಸಿ ಊರಿನಲ್ಲಿದ್ದರೆ ಪ್ಯಾಡನ್ನು ಜಿಪ್ ಕವರಿನಲ್ಲಿ ಹಾಕಿಡಿ.

ಮುಗಿದ ಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸುವ ಮುಂಚೆ ಒಂದು ದಿನ ಹರಡಿ ಒಣಗಿಸಿ. ಪಿಗ್ಮೆಂಟ್ ಇಂಕಿನವಾದರೆ ನಡುವೆ ಬಟರ್ ಪೇಪರ್ ಇಟ್ಟು ಪೇರಿಸಿ. ಲಕೋಟೆಯ ಹಿಂದಿನ ಮುಚ್ಚಳಕ್ಕೆ ಒಂದು ಎಳ್ಳಿನ ಕಾಳು ಒತ್ತಿ. ಬೇರೆ ಊರಿಗೆ ಹೋಗುವ ಕಾರ್ಡುಗಳನ್ನು ಜನವರಿ ಮೊದಲ ವಾರವೇ ಅಂಚೆಗೆ ಹಾಕಿಬಿಡಿ. ದಪ್ಪ ಹಾಳೆಯ ಕಾರ್ಡು ತೂಕ ಬರುತ್ತದೆ, ಅಂದಾಜಿನಲ್ಲಿ ಸ್ಟಾಂಪು ಅಂಟಿಸದೆ ಕೌಂಟರಿನಲ್ಲಿ ತೂಗಿಸಿ ಅಂಟಿಸಿ.